ಗೊರವಂಕ ಅಂಚಿನ ಇನ್ನೂರ ಎಂಬತ್ತೆಂಟು ಕಾರ್ಡು

ನಮ್ಮೂರಲ್ಲಿ ಮಕ್ಕಳಿಗೆ 'ಅಮ್ಮ' ಅನ್ನುವುದರ ಜೊತೆಗೇ 'ನೋಡೋಣ' ಅನ್ನುವುದನ್ನೂ ಕಲಿಸುತ್ತಾರೆ. ಊಟಕ್ಕೆ ಬಾ ಎಂದರೆ ನೋಡೋಣ. ಹೆಣ್ಣು ಕೊಡುತ್ತೀಯಾ ಎಂದರೆ ನೋಡೋಣ. ಹೊರಗಿನವರು ಇದನ್ನು ಕಂಡು, ಈ ಊರಿನವರದು ಜಾರಿಕೊಳ್ಳುವ ಬುದ್ಧಿ ಎಂದು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಇಲ್ಲಿ ಒಮ್ಮೆ 'ಒಪ್ಪಿದೆ' ಅಂದುಬಿಟ್ಟರೆ ಮೈ ಅದನ್ನು ಹಿಡಿದುಕೊಂಡುಬಿಡುತ್ತದೆ. ಮದುವೆಯಾದ ಹೊಸದರಲ್ಲಿ ನಶ್ಯ ಬಿಡು ಅಂತ ನಾನು ಕಾಡಿದ್ದಕ್ಕೆ ನನ್ನ ಗಂಡ ರೋಸಿಹೋಗಿ, ಆಯ್ತು ಒಪ್ಪಿದೆ ಅಂದುಬಿಟ್ಟ. ಮಾರನೆಯ ಬೆಳಗ್ಗೆಯಿಂದ ಅವನ ಬೆರಳಿಗೆ ನಶ್ಯದ ಡಬ್ಬಿಯ ಮುಚ್ಚಳ ತೆಗೆಯಲು ಬರಲಿಲ್ಲ. ಬೇರೆಯವರು ತೆಗೆದುಕೊಟ್ಟರೆ ಕೈ ಮೂಗಿನ ತನಕ ಹೋಗಿ, ಅಲ್ಲಿಂದ ಕಿವಿ ಕೆರೆದುಕೊಂಡು ವಾಪಸು ಬರುತ್ತಿತ್ತು. ಎಂಟು ತಿಂಗಳು ಅವನ ಮೋರೆ ನೋಡಿ ನೋಡಿ ಸಾಕಾಗಿ ನಾನೇ ಎದುರಿಗೆ ನಿಂತು 'ಬಿಟ್ಟೆ' ಅಂದೆ. ನಮ್ಮಲ್ಲಿ ಬಿಡುಗಡೆ ಅಂದರೆ ಅದೇ. ಒಪ್ಪಿಸಿಕೊಂಡವರು ಮುಖಕ್ಕೆ ಮುಖ ಕೊಟ್ಟು ಬಿಟ್ಟೆ ಅನ್ನಬೇಕು. ಇಲ್ಲವೆ ಸಾಯಬೇಕು. ಸತ್ತವರಿಗೆ ಒಪ್ಪಿದ್ದು ಅವರ ಜೊತೆಗೇ ಹೋಗುತ್ತದೆ.

ಬಾಯಿಯನ್ನು ಇಷ್ಟು ಜೋಪಾನ ಮಾಡಿಕೊಂಡಿದ್ದ ಊರು ಒಂದು ಪೆಟ್ಟಿಗೆಯ ಮುಂದೆ ಕೂತು ಹೇಗೆ ಕೆಟ್ಟಿತು ಅನ್ನುವುದನ್ನು ನೆನೆದರೆ ನನಗೆ ಇವತ್ತಿಗೂ ತಲೆ ಚಚ್ಚಿಕೊಳ್ಳುವ ಹಾಗಾಗುತ್ತದೆ. ನನ್ನ ಹೆಸರು ತಿಪ್ಪಮ್ಮ. ಎಲ್ಲರೂ ತಿಪ್ಪಕ್ಕ ಅನ್ನುತ್ತಾರೆ. ಓದು ಎರಡನೇ ಕ್ಲಾಸಿಗೆ ನಿಂತಿತು. ಅಕ್ಷರ ಕೂಡಿಸಿ ಓದುವ ಹೊತ್ತಿಗೆ ಹಿಂದಿನ ಅಕ್ಷರ ಮರೆಯುತ್ತದೆ. ಆದರೆ ತೂತು ಓದುತ್ತೇನೆ. ನಮ್ಮದು ಮಗ್ಗದ ಊರು. ಸೀರೆಯ ಅಂಚಿನಲ್ಲಿ ಹೂವು, ಹಕ್ಕಿ, ಬಳ್ಳಿ ಏಳಬೇಕಾದರೆ ಮಗ್ಗದ ನೆತ್ತಿಯ ಮೇಲೆ ಜಕಾರ್ಡು ಅನ್ನುವ ಯಂತ್ರ ಇರಬೇಕು, ಜಕಾರ್ಡಿಗೆ ರಟ್ಟಿನ ಕಾರ್ಡುಗಳ ಸರ ಬೇಕು. ಒಂದು ಹೊಕ್ಕಿಗೆ, ಅಂದರೆ ಒಂದು ಅಡ್ಡನೂಲಿಗೆ, ಒಂದು ಕಾರ್ಡು. ಕಾರ್ಡಿನಲ್ಲಿ ತೂತಿದ್ದ ಕಡೆ ಹಾಸಿನ ನೂಲು ಮೇಲೇಳುತ್ತದೆ, ಇಲ್ಲದ ಕಡೆ ಮಲಗಿರುತ್ತದೆ. ಅಷ್ಟೇ ವಿದ್ಯೆ. ಅದರಲ್ಲಿ ಮುಚ್ಚಿಡುವುದು ಏನೂ ಇಲ್ಲ. ಬೆಳಕಿಗೆ ಹಿಡಿದರೆ ಎಲ್ಲ ಕಾಣುತ್ತದೆ. ಕೆಟ್ಟರೆ ಆ ಒಂದು ಕಾರ್ಡು ಬದಲಿಸಿದರೆ ಮುಗಿಯಿತು. ಪಕ್ಕದ ಮನೆಯವರು ಕೇಳಿದರೆ ಸರ ಬಿಚ್ಚಿ ಎರವಲು ಕೊಡುತ್ತಿದ್ದರು. ಆ ಕಾರ್ಡುಗಳಿಗೆ ತೂತು ಹೊಡೆಯುವುದು ನನ್ನ ಕಸುಬು. ಪಂಚು, ಸುತ್ತಿಗೆ, ಒಂದು ಕಬ್ಬಿಣದ ಹಲಗೆ ಇಟ್ಟುಕೊಂಡು ಮೂವತ್ತೆಂಟು ವರ್ಷ ಹೊಡೆದೆ.

ನಾನು ಹೊಡೆದವುಗಳಲ್ಲೆಲ್ಲ ಒಳ್ಳೆಯದು ರುದ್ರಮ್ಮನ ಗೊರವಂಕ ಅಂಚು. ರುದ್ರಮ್ಮ ನನ್ನ ಗೆಳತಿ, ಎದುರು ಮನೆಯವಳು. ತನ್ನ ಹಿತ್ತಲಿನ ಗೋಡೆಗೆ ಬರುತ್ತಿದ್ದ ಗೊರವಂಕಗಳನ್ನು ನೋಡಿ ನೋಡಿ, ಚೌಕುಳಿ ಕಾಗದದ ಮೇಲೆ ಒಂದು ಮಳೆಗಾಲವಿಡೀ ಬರೆದು ಅಳಿಸಿ ಮಾಡಿದ ಅಂಚು ಅದು. ಹಕ್ಕಿ ಕೂತಿಲ್ಲ, ಹಾರಿಯೂ ಇಲ್ಲ. ಈಗ ಹಾರಬೇಕೋ ಬೇಡವೋ ಅಂತ ಒಂದು ಕಾಲು ಎತ್ತಿಕೊಂಡಿದೆ. ಇನ್ನೂರ ಎಂಬತ್ತೆಂಟು ಕಾರ್ಡು. ಬೇರೆಯ ಅಂಚುಗಳನ್ನು ಕೇಳಿದವರಿಗೆಲ್ಲ ಕೊಡುತ್ತಿದ್ದ ರುದ್ರಮ್ಮ ಇದೊಂದನ್ನು ಮಾತ್ರ ಮಗಳು ಬನಶಂಕರಿಗೆ ಅಂತ ಇಟ್ಟಳು. ಬನಶಂಕರಿಯನ್ನು ನಾವು ಶಂಕ್ರಿ ಅನ್ನುತ್ತೇವೆ. ಸಣ್ಣವಳಿದ್ದಾಗ ನನ್ನ ಪಕ್ಕ ಕೂತು ಹಳೇ ರಟ್ಟಿಗೆ ತೂತು ಹೊಡೆಯುವುದು ಕಲಿತಿದ್ದಳು. ನನ್ನನ್ನು ಚಿಕ್ಕಮ್ಮ ಅನ್ನುತ್ತಾಳೆ.

ಆಮೇಲೆ ಪೆಟ್ಟಿಗೆ ಬಂತು. ತಂದವನು ಕಂಪನಿಯ ಏಜೆಂಟು ವಾದಿರಾಜ, ನಯವಾದ ಮನುಷ್ಯ, ಬೈದರೂ ನಗುತ್ತಿದ್ದ. ಇನ್ನು ಕಾರ್ಡು ಬೇಡ, ಡಿಸೈನನ್ನು ಈ ಪೆಟ್ಟಿಗೆಗೆ ಉಣಿಸಿದರೆ ಇದೇ ಮಗ್ಗಕ್ಕೆ ಹೇಳುತ್ತದೆ ಅಂದ. ಪೆಟ್ಟಿಗೆಯೊಳಗೆ ಆಪರೇಟಿಂಗ್ ಸಿಸ್ಟಮ್ ಅಂತ ಒಂದಿದೆಯಂತೆ, ಮಗ್ಗಕ್ಕೆ ಇನ್ನು ಅದೇ ಯಜಮಾನನಂತೆ. ಪೆಟ್ಟಿಗೆ ನಿಮ್ಮದು, ಸಿಸ್ಟಮ್ ಕಂಪನಿಯದು, ನಿಮಗೆ ಬಳಸುವುದಕ್ಕೆ ಲೈಸೆನ್ಸು ಮಾತ್ರ ಅಂದ. ಹಾಗಾದರೆ ನಾವು ತಂದುಕೊಂಡದ್ದು ಏನಪ್ಪಾ ಅಂತ ನಾನು ಕೇಳಿದೆ. ಅವನು ನಕ್ಕ. ಪೆಟ್ಟಿಗೆಯ ಮುಖದಲ್ಲಿ ಅಂಗೈಯಷ್ಟು ಗಾಜು. ಅದರಲ್ಲಿ ಇರುವೆ ಸಾಲಿನಂಥ ಇಂಗ್ಲಿಷ್ ಅಕ್ಷರ, ನಲವತ್ತೊಂದು ಪುಟ. ಕೊನೆಗೆ 'ಒಪ್ಪಿದೆ' ಅಂತ ಒಂದು ಗುಂಡಿ. ಅದನ್ನು ಒತ್ತದೆ ಪೆಟ್ಟಿಗೆ ಏಳುವುದಿಲ್ಲ.

ಇಲ್ಲಿ ನೋಡಿ ನಮ್ಮವರ ಜಾಣತನ. ಊರ ಹಿರಿಯರೆಲ್ಲ ಕಟ್ಟೆಯ ಮೇಲೆ ಕೂತು ಒಂದು ದಿನವಿಡೀ ವಿಚಾರ ಮಾಡಿದರು. ಕಟ್ಟುವುದು ಬಾಯಿಮಾತು ತಾನೆ, ಅಜ್ಜ ಮುತ್ತಜ್ಜನ ಕಾಲದಿಂದ ಬೆರಳಿಂದ ಯಾರಾದರೂ ಕಟ್ಟಿಸಿಕೊಂಡದ್ದುಂಟೆ, ಬಾಯಿ ಮುಚ್ಚಿಕೊಂಡು ಬೆರಳಲ್ಲಿ ಒತ್ತಿದರೆ ಏನೂ ಆಗುವುದಿಲ್ಲ ಎಂದು ತೀರ್ಮಾನವಾಯಿತು. ಎಲ್ಲರೂ ಬಾಯಿಗೆ ಟವೆಲ್ಲು ಸೆರಗು ಒತ್ತಿಕೊಂಡು, ಕಳ್ಳರ ಹಾಗೆ ಒಬ್ಬೊಬ್ಬರೇ ಹೋಗಿ ಗುಂಡಿ ಒತ್ತಿ ಬಂದರು. ಮನೆಯಲ್ಲಿ ಮಗ್ಗಕ್ಕೆ ಕೂರುವ ಗಂಡಸರು ಹೆಂಗಸರು ಎಲ್ಲರೂ ಒತ್ತಿದರು. ಕಂಪನಿಗೇ ಟೋಪಿ ಹಾಕಿದೆವು ಅಂತ ಆ ದಿನ ಮನೆ ಮನೆಯಲ್ಲಿ ಪಾಯಸ. ನಾನು ಒತ್ತಲಿಲ್ಲ. ವಿವೇಕ ಇತ್ತು ಅಂತಲ್ಲ, ನನಗೆ ಪೆಟ್ಟಿಗೆಯೇ ಇರಲಿಲ್ಲ. ಪೆಟ್ಟಿಗೆ ಬಂದದ್ದು ನನ್ನ ಕಸುಬಿನ ಜಾಗಕ್ಕೆ.

ಮೊದಲು ಗೊತ್ತಾದದ್ದು ಶಂಕ್ರಿಯ ಗಂಡ ಕೊಟ್ರೇಶನಿಗೆ. ಪೆಟ್ಟಿಗೆ ಒಂದು ದಿನ ಗೊರಗೊರ ಅಂದಿತು. ಧೂಳು ಕೂತಿರಬೇಕು ಅಂತ ಸ್ಕ್ರೂಡ್ರೈವರ್ ತಂದ. ತಿರುಪಿನ ಹತ್ತಿರ ಹೋದ ಕೈ ಪಕ್ಕದ ಗೋಡೆಯ ಮೊಳೆಯನ್ನು ತಿರುಗಿಸತೊಡಗಿತು. ಅವನ ಭಾವಮೈದುನ ಎರಡು ದಿನಕ್ಕೆ ಪೆಟ್ಟಿಗೆ ಕೇಳಿದರೆ, ಕೊಡಲೆಂದು ಎತ್ತಲು ಹೋದ ಕೊಟ್ರೇಶನ ತೋಳು ಸೋತು ಜೋತುಬಿದ್ದವು. ಇದು ಒಳಗೆ ಹೇಗೆ ನಡೆಯುತ್ತದೆ ಅಂತ ಯಾರಾದರೂ ತಲೆ ಓಡಿಸಿದರೆ ಸಾಕು, ಆಕಳಿಕೆ. ಆ ವರ್ಷ ನಮ್ಮ ಬೀದಿಯಲ್ಲಿ ಎಲ್ಲಿ ನೋಡಿದರೂ ಪೆಟ್ಟಿಗೆಯ ಮುಂದೆ ಬಾಯಿ ತೆರೆದುಕೊಂಡು ಕೂತವರೇ. ತಮ್ಮದೇ ಸೀರೆಯನ್ನು ನೋಡಿ ಇನ್ನೊಂದು ಕಡೆ ಬರೆದುಕೊಳ್ಳಲು ಹೋದವರು ಸೀರೆಯ ಮೇಲೆಯೇ ನಿದ್ದೆಹೋದರು. ಬರಬರುತ್ತ ಜನ ಇದಕ್ಕೂ ಒಗ್ಗಿದರು. ಪೆಟ್ಟಿಗೆ ಕೆಟ್ಟರೆ ವಾದಿರಾಜನಿಗೆ ಹೇಳಿಕಳಿಸುವುದು, ಅವನು ಬರುವ ತನಕ ಚೌಕಾಬಾರ ಆಡುವುದು. ಡಿಸೈನುಗಳನ್ನು ಪೆಟ್ಟಿಗೆಗೆ ಉಣಿಸಿಯಾಗಿತ್ತಲ್ಲ, ಕಾರ್ಡುಗಳೆಲ್ಲ ಬಚ್ಚಲ ಒಲೆಗೆ ಹೋದವು. ಗೊರವಂಕದ್ದೂ ಹೋಯಿತು, ಅದನ್ನು ಬರೆದ ಚೌಕುಳಿ ಕಾಗದವೂ ಹೋಯಿತು. ರಟ್ಟು ಚೆನ್ನಾಗಿ ಉರಿಯುತ್ತದೆ, ನೀರು ಬೇಗ ಕಾಯುತ್ತದೆ ಅಂತ ರುದ್ರಮ್ಮನೇ ನನಗೆ ಹೇಳಿದಳು. ಹೇಳಿ ಅತ್ತ ಕಡೆ ತಿರುಗಿದಳು.

ಒಂಬತ್ತು ವರ್ಷ ಹೀಗೇ ನಡೆಯಿತು. ರುದ್ರಮ್ಮ ತೀರಿಕೊಂಡಳು. ಶಂಕ್ರಿ ಅಮ್ಮನ ಅಂಚನ್ನೇ ನೇಯ್ದು ಸಂಸಾರ ಮಾಡಿದಳು. ಆ ಅಂಚು ಬೇರೆ ಯಾರ ಮನೆಯಲ್ಲೂ ಇರಲಿಲ್ಲ, ಆದ್ದರಿಂದಲೇ ವ್ಯಾಪಾರಿಗಳು ಅವಳ ಬಾಗಿಲಿಗೆ ಬರುತ್ತಿದ್ದರು. ಅಷ್ಟರಲ್ಲಿ ಒಂದು ಬೆಳಗ್ಗೆ ಎಲ್ಲ ಪೆಟ್ಟಿಗೆಗಳೂ ಒಟ್ಟಿಗೆ, ಹಳೇ ಸಿಸ್ಟಮಿನ ಕಾಲ ಮುಗಿಯಿತು, ಹೊಸದಕ್ಕೆ ಒಪ್ಪಿಗೆ ಕೊಡಿ ಅಂದವು. ಗಾಜಿನ ಮೇಲೆ ಎರಡು ಗುಂಡಿ, 'ಒಪ್ಪಿದೆ', 'ಆಮೇಲೆ'. ನಮ್ಮವರಿಗೆ ಹೇಳಿಮಾಡಿಸಿದಂಥ ಗುಂಡಿ ಆ ಎರಡನೆಯದು. ಎಲ್ಲರೂ ಅದನ್ನೇ ಒತ್ತಿ ಒತ್ತಿ ಒಂದು ತಿಂಗಳು ತಳ್ಳಿದರು. ತಿಂಗಳಾದ ಮೇಲೆ 'ಆಮೇಲೆ' ಮಾಯವಾಯಿತು.

ಹೊಸದರಲ್ಲಿ ಏನಿದೆ ಅಂತ ಈ ಸಲ ಶಂಕ್ರಿ ವಾದಿರಾಜನನ್ನು ನಿಲ್ಲಿಸಿ ಕೇಳಿದಳು. ನಿಮ್ಮ ನಿಮ್ಮ ಡಿಸೈನುಗಳೆಲ್ಲ ಕಂಪನಿಯ ಭಂಡಾರಕ್ಕೆ ಸೇರುತ್ತವೆ, ಯಾರಿಗೆ ಬೇಕಾದರೂ ಕಂಪನಿ ಕೊಡಬಹುದು, ನಿಮಗೂ ಅನುಕೂಲ ಅಂದ. ಅಮ್ಮನ ಅಂಚೂ ಸೇರುತ್ತದೋ ಅಂದಳು. ಸೇರುತ್ತದೆ ಅಂದ. ಹಾಗಾದರೆ ನನ್ನ ಅಂಚನ್ನು ನನಗೆ ತೆಗೆದುಕೊಡಿ, ಪೆಟ್ಟಿಗೆ ನೀವೇ ಇಟ್ಟುಕೊಳ್ಳಿ ಅಂದಳು. ಹಾಗೆ ತೆಗೆದುಕೊಡುವುದಕ್ಕೆ ಬರುವುದಿಲ್ಲ, ಒಳಗೆ ಹೋದದ್ದು ಸಿಸ್ಟಮಿನ ಭಾಷೆಯಲ್ಲಿ ಕೂತಿರುತ್ತದೆ, ಆ ಭಾಷೆ ಹೊರಗಿನವರಿಗೆ ಹೇಳುವಂತಿಲ್ಲ ಅಂತ ಅವನು ನಕ್ಕುಕೊಂಡೇ ಹೇಳಿದ. ಊರೆಲ್ಲ ಒತ್ತಿತು. ಶಂಕ್ರಿ ಒತ್ತಲಿಲ್ಲ. ಪೆಟ್ಟಿಗೆ ಮೊದಲು ಅವಳ ಬೆರಳಿಂದ ಎದ್ದದ್ದು, ಈಗಲೂ ಅದೇ ಬೆರಳು ಬೇಕು ಅನ್ನುತ್ತಿತ್ತು. ಕೊಟ್ರೇಶ ಬೇಡಿಕೊಂಡ, ಮಗ್ಗ ನಿಂತರೆ ಮನೆಯಲ್ಲಿ ಏನು ಬೇಯಿಸುತ್ತೀಯ ಅಂದ. ಅವನದೇನೂ ತಪ್ಪು ಮಾತಲ್ಲ. ಅವಳು ಬೆರಳಿಗೆ ಬಟ್ಟೆ ಸುತ್ತಿಕೊಂಡು ಓಡಾಡಿದಳು. ಮಲಗಿದಾಗ ಅವನು ಹಿಡಿದು ಒತ್ತಿಸಿಯಾನು ಅಂತ ನಮ್ಮ ಮನೆಯಲ್ಲಿ ಬಂದು ಮಲಗುತ್ತಿದ್ದಳು.

"ಚಿಕ್ಕಮ್ಮ, ಅಮ್ಮನ ಸೀರೆ ಒಂದು ಉಳಿದಿದೆ," ಅಂದಳು ಒಂದು ದಿನ. "ಅದನ್ನ ನೋಡಿ ನೀನು ಓದು, ನಾನು ಹೊಡೀತೀನಿ. ಕಾರ್ಡು ಆಗಿಬಿಟ್ಟರೆ ಯಾರ ಹಂಗೂ ಇಲ್ಲ."

ಅದು ಪೆಟ್ಟಿಗೆ ಬಂದ ಹೊಸದರಲ್ಲಿ ಶಂಕ್ರಿ ನೇಯ್ದು ಅಮ್ಮನಿಗೆ ಉಡಿಸಿದ ಸೀರೆ. ಕಾರ್ಡಿನ ಕಾಲದಲ್ಲಿ ನೇಯ್ದವು ಒಂದೂ ಇಲ್ಲ. ನೇಯುವವರು ಉಡುವುದು ಕಡಿಮೆ, ಎಲ್ಲ ಮೂಟೆ ಕಟ್ಟಿ ಹೋಗಿತ್ತು. ಬಿದ್ದು ನನ್ನ ಬಲಗೈ ಮಣಿಕಟ್ಟು ಮುರಿದು ಸೊಟ್ಟಗೆ ಕೂಡಿದ್ದರಿಂದ ಸುತ್ತಿಗೆ ಎತ್ತಲಾಗದು. ಕಣ್ಣು ಮಾತ್ರ, ಭೂತಗನ್ನಡಿ ಹಿಡಿದು ಬಿಸಿಲಿಗೆ ಕೂತರೆ, ನೂಲು ಎಣಿಸುವಷ್ಟಿತ್ತು. ನಮ್ಮ ಅಟ್ಟದ ಮೇಲಿದ್ದ ಹಳೇ ಜಕಾರ್ಡನ್ನು ಎಣ್ಣೆ ಹಾಕಿ ಇಳಿಸಿದೆವು. ನಾನು ಓದಿದೆ, ನಾಲ್ಕು ಬಿಡು, ಎರಡು ಹೊಡಿ, ಒಂದು ಬಿಡು. ಶಂಕ್ರಿ ಪಂಚು ಇಟ್ಟಳು, ಸುತ್ತಿಗೆ ಎತ್ತಿದಳು, ಆಕಳಿಸಿದಳು, ಹಲಗೆಯ ಮೇಲೆ ತಲೆ ಇಟ್ಟು ನಿದ್ದೆಹೋದಳು. ಎಬ್ಬಿಸಿ ಮುಖಕ್ಕೆ ನೀರು ಹಾಕಿದೆ. ಮತ್ತೆ ನಿದ್ದೆ. ಮೆಣಸಿನಕಾಯಿ ಅಗಿಯಲು ಕೊಟ್ಟೆ. ಅಗಿಯುತ್ತಲೇ ನಿದ್ದೆ. ಹಳೇ ಒಪ್ಪಿಗೆ ಇನ್ನೂ ಅವಳ ಮೈಯಲ್ಲಿ ಕೂತಿತ್ತು. ಸಿಸ್ಟಮಿನ ಕಾಲ ಮುಗಿದರೂ ಒಪ್ಪಿಗೆಯ ಕಾಲ ಮುಗಿಯದು ಅನ್ನುವುದು ಯಾವ ಊರ ನ್ಯಾಯವೋ ನನಗೆ ತಿಳಿಯದು.

ಬೇರೆಯವರ ಕೈಲಿ ಹೊಡೆಸಬಹುದಿತ್ತಲ್ಲ ಎನ್ನುತ್ತೀರಿ. ಪಕ್ಕದ ಊರಿನವರನ್ನು ಕೇಳಿದೆವು. ಅವರ ಮೈಯನ್ನು ಯಾವುದೂ ಕಟ್ಟುವುದಿಲ್ಲ. ಆದರೂ ಕಂಪನಿಯ ವಕೀಲರ ನೋಟೀಸಿಗೆ ಹೆದರಿ ತಾವೇ ಕೈ ಕಟ್ಟಿಕೊಂಡು ಕೂತಿದ್ದರು. ನಮ್ಮ ಬೀದಿಯ ಮೌಲಾಸಾಬರು ಮಗ್ಗದವರಲ್ಲ, ಒತ್ತಿದವರೂ ಅಲ್ಲ. ಪೋಸ್ಟ್‌ಮನ್ ಆಗಿ ನಲವತ್ತು ವರ್ಷ ಊರಿನ ಇಂಗ್ಲಿಷ್ ಕಾಗದಗಳನ್ನೆಲ್ಲ ಓದಿ ಹೇಳಿದವರು. ಇದೇನು ಮಹಾ, ಠಸ್ಸೆ ಹೊಡೆದ ಕೈ ಇದು ಅಂತ ಬಂದು ಕೂತರು. ಎರಡು ಕಾರ್ಡು ಹೊಡೆದರು, ತೂತು ಅಕ್ಕಿಕಾಳಿನಷ್ಟು ಆಚೆ ಹೋಯಿತು, ಮೂರನೆಯದಕ್ಕೆ ಹೆಬ್ಬೆರಳು ಜಜ್ಜಿಕೊಂಡರು. ತೂತು ಕೂದಲೆಳೆ ತಪ್ಪಿದರೂ ಜಕಾರ್ಡಿನ ಸೂಜಿ ಸಿಕ್ಕಿಕೊಳ್ಳುತ್ತದೆ. ಅವರನ್ನು ಅರಿಸಿನ ಹಚ್ಚಿ ಮನೆಗೆ ಕಳಿಸಿದೆವು.

ಇನ್ನು ಉಳಿದದ್ದು 'ಬಿಟ್ಟೆ' ಅನ್ನಿಸುವುದು. ಶಂಕ್ರಿ ವಾದಿರಾಜನ ಕೈ ಹಿಡಿದುಕೊಂಡಳು. ಪಾಪ ಅವನು ಹೇಳಿದ, ಮೂರು ಸಲ ಹೇಳಿದ, ಬಿಟ್ಟೆ ಬಿಟ್ಟೆ ಬಿಟ್ಟೆ ಅಂತ. ಅವಳು ಪಂಚು ಮುಟ್ಟಿದಳು, ಆಕಳಿಸಿದಳು. ನಾನು ತಂದು ಕೊಡುವವನು ಅಷ್ಟೇ ಅಜ್ಜಿ, ಇವರು ಒಪ್ಪಿದ್ದು ನನಗಲ್ಲ ಅಂತ ನನ್ನ ಕಡೆ ತಿರುಗಿ ಅಂದ. ಯಾರಿಗೆ ಒಪ್ಪಿದ್ದು ಅಂತ ಕೇಳಿದರೆ ನಗರದ ಆಫೀಸಿನ ವಿಳಾಸ ಬರೆದುಕೊಟ್ಟ. ನಾವಿಬ್ಬರೂ ಬುತ್ತಿ ಕಟ್ಟಿಕೊಂಡು ಹೋದೆವು. ಕೆಳಗಿನ ಮೇಜಿನವಳು ಮೇಲೆ ಹೋಗಿ ಅಂದಳು. ಮೇಲಿನವನು, ಇದು ಮಾರಾಟ ವಿಭಾಗ, ಕೆಳಗೆ ಕೇಳಿ ಅಂದ. ಕೆಳಗೆ ಬಂದರೆ ಆ ಮೇಜಿನವಳು ಊಟಕ್ಕೆ ಹೋಗಿದ್ದಳು. ಅಲ್ಲೊಂದು ಫೋನು ಇಟ್ಟಿದ್ದರು, ದೂರು ಇದ್ದವರು ಅದರಲ್ಲಿ ಮಾತಾಡಬೇಕಂತೆ. ಅದು, ಕನ್ನಡಕ್ಕಾಗಿ ಎರಡನ್ನು ಒತ್ತಿ ಅಂದಿತು. ಒತ್ತಿ ಅಂದದ್ದೇ ತಡ ಶಂಕ್ರಿ ಎರಡೂ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ನಾನೂ ಮುಟ್ಟಲಿಲ್ಲ. ಕೊನೆಗೆ ಕಾವಲಿನವನು ಕರುಣೆಯಿಂದ ಒತ್ತಿಕೊಟ್ಟ. ಒಂದು ಗಂಟೆ ಅದು ಹಾಡು ಹೇಳಿತು. ಮಾತಾಡಲಿಲ್ಲ.

ಸಂಜೆಯ ಹೊತ್ತಿಗೆ ಕನ್ನಡಕದ ಮ್ಯಾನೇಜರೊಬ್ಬ ನಮ್ಮನ್ನು ಕೂರಿಸಿ ನೀರು ಕೊಟ್ಟು ಎಲ್ಲ ಕೇಳಿಸಿಕೊಂಡ. "ಕಂಪನಿ ಅಂದರೆ ಒಬ್ಬರಲ್ಲ ಅಮ್ಮ," ಅಂದ. "ನಾನೂ ಅಲ್ಲ, ನಮ್ಮ ಮೇಲಿನವರೂ ಅಲ್ಲ. ಬಿಟ್ಟೆ ಅಂತ ಹೇಳೋಕೆ ಅದಕ್ಕೆ ಬಾಯಿಲ್ಲ."

"ಬಾಯಿಲ್ಲದ್ದು ಒಪ್ಪಿಸಿಕೊಂಡದ್ದು ಹೇಗಪ್ಪ?" ಅಂದೆ. ಅವನು ಇನ್ನೊಂದು ಲೋಟ ನೀರು ಕೊಟ್ಟ. "ಹೋಗಲಿ, ಅದು ಸಾಯೋದಾದರೂ ಯಾವಾಗ?"

ಅವನು ನಗಲು ಹೊರಟವನು ನನ್ನ ಮುಖ ನೋಡಿ ನಿಲ್ಲಿಸಿದ. ಬಸ್ಸಿನಲ್ಲಿ ಬರುವಾಗ ನನಗೆ ಬಂದಿದ್ದ ಕೋಪ ಎಷ್ಟೆಂದರೆ, ಬುತ್ತಿಯ ರೊಟ್ಟಿಯನ್ನು ಕಿಟಕಿಯಿಂದ ಎಸೆದುಬಿಟ್ಟೆ. ಆಮೇಲೆ ಹಸಿವಾಯಿತು.

ಒಪ್ಪಿದ್ದು ಏನು ಅಂತಲೇ ಇಷ್ಟು ವರ್ಷ ಯಾರೂ ಓದಲಿಲ್ಲವಲ್ಲ ಅಂತ ನನಗೆ ಹೊಳೆದದ್ದು ಮಾರನೆಯ ದಿನ. ನಲವತ್ತೊಂದು ಪುಟದ ಒಂದು ಪ್ರತಿಯನ್ನು ವಾದಿರಾಜನಿಂದ ಕಾಗದದ ಮೇಲೆ ತರಿಸಿದೆವು. ಕೇಳಿದ್ದಕ್ಕೆ ಅವನೇ ಆಶ್ಚರ್ಯಪಟ್ಟ. ಹದಿನಾರು ಊರಿಗೆ ಪೆಟ್ಟಿಗೆ ಕೊಟ್ಟಿದ್ದೇನೆ, ಇದನ್ನು ಕೇಳಿದವರು ನೀವೇ ಮೊದಲು ಅಂದ. ಮೌಲಾಸಾಬರು ನಮ್ಮ ಜಗಲಿಯಲ್ಲಿ ಕೂತು ದಿನಾ ಬೆಳಗ್ಗೆ ಹತ್ತು ಪುಟ ಓದಿ ಅರ್ಥ ಹೇಳಿದರು. ಬಿಚ್ಚಬಾರದು, ಇಣುಕಬಾರದು, ಎರವಲು ಕೊಡಬಾರದು, ಹೇಗೆ ನಡೆಯುತ್ತದೆ ಎಂದು ಊಹಿಸಬಾರದು, ಪೆಟ್ಟಿಗೆ ಸಿಡಿದು ಕೈ ಹೋದರೆ ಕಂಪನಿ ಹೊಣೆಯಲ್ಲ. ಕೇಳುತ್ತ ಕೇಳುತ್ತ ಕೊಟ್ರೇಶ ಕೂಡ ಬಂದು ಕೂತ. ಇಷ್ಟೆಲ್ಲಾನೂ ನಾವು ಬಾಯಿಗೆ ಟವೆಲ್ಲು ಹಿಡ್ಕೊಂಡು ಒಪ್ಪಿದ್ವಾ ಅಂದ. ನಾಲ್ಕನೇ ದಿನ, ಮೂವತ್ತೆಂಟನೇ ಪುಟದಲ್ಲಿ ಸಾಬರು ಕನ್ನಡಕ ಮೇಲೆತ್ತಿ ಎರಡು ಸಲ ಓದಿಕೊಂಡರು. ಬಳಸುವವರು ತಮ್ಮ ಹತ್ತಿರ ಇರುವ ಎಲ್ಲ ಪ್ರತಿಗಳನ್ನೂ ನಾಶ ಮಾಡಿದರೆ ಆ ಕ್ಷಣಕ್ಕೆ ಈ ಒಪ್ಪಂದ ತಾನಾಗಿ ಮುಗಿಯುತ್ತದೆ ಎಂದು ಅಲ್ಲಿ ಬರೆದಿತ್ತು. ಯಾರ ಬಾಯಿಯೂ ಬೇಡ.

ಪೆಟ್ಟಿಗೆ ಒಡೆಯಬೇಕು. ಕೊಟ್ರೇಶ ಎದ್ದು ಹೊರಗೆ ಹೋದ. ಹತ್ತು ನಿಮಿಷ ಬಿಟ್ಟು ಹಾರೆ ತಂದು ಹೆಂಡತಿಯ ಕೈಗೆ ಕೊಟ್ಟ. "ಒಡಿ. ಇದರ ಎದುರು ಆಕಳಿಸಿ ಆಕಳಿಸಿ ನನಗೂ ದವಡೆ ನೋವು ಬಂದಿದೆ," ಅಂದ. ಬಿಚ್ಚಲು ಬಾರದ ಕೈಗೆ ಒಡೆಯಲು ಚೆನ್ನಾಗಿಯೇ ಬಂತು. ಒಳಗಿದ್ದದ್ದು ಹಸಿರು ತಗಡು, ಸಣ್ಣ ಸಣ್ಣ ಕಪ್ಪು ಚೂರು. ಇದಕ್ಕಾ ಇಷ್ಟು ಅಂತ ನೋಡುತ್ತ ನಿಂತೆವು. ಶಂಕ್ರಿ ಓಡಿ ಬಂದು ಪಂಚು ಹಿಡಿದಳು. ನಾನು ಸೀರೆ ಹರವಿ ಓದಿದೆ, ನಾಲ್ಕು ಬಿಡು, ಎರಡು ಹೊಡಿ. ಅವಳು ಆಕಳಿಸಿದಳು.

ನಾನು ಆ ದಿನ ಆಡಿದ ಮಾತನ್ನು ಇಲ್ಲಿ ಬರೆಸುವುದಿಲ್ಲ. ಮೌಲಾಸಾಬರು ಮತ್ತೆ ಕಾಗದ ತೆಗೆದರು. ಪ್ರತಿ ಅಂದರೆ ಏನು ಅಂತ ಎರಡನೇ ಪುಟದಲ್ಲಿಯೇ ಇತ್ತು. ಯಂತ್ರದ ನೆನಪಿನಲ್ಲಿ, ಕಾಗದದಲ್ಲಿ, ತಗಡಿನಲ್ಲಿ, ಬಟ್ಟೆಯಲ್ಲಿ, ಸಿಸ್ಟಮಿನಿಂದ ಹುಟ್ಟಿ ಯಾವ ರೂಪದಲ್ಲಿ ಉಳಿದದ್ದಾದರೂ ಪ್ರತಿಯೇ. ಮಾರಿದ್ದು ಮಾರಿದ ಹಾಗೆ. ಮಾರದೆ ಉಳಿದದ್ದನ್ನು ಇಟ್ಟುಕೊಳ್ಳುವಂತಿಲ್ಲ, ಇನ್ನು ಮಾರುವಂತಿಲ್ಲ, ಇನ್ನೊಬ್ಬರಿಗೆ ಕೊಡುವಂತಿಲ್ಲ. ಅಂದರೆ ರುದ್ರಮ್ಮನ ಸೀರೆ. ಅಂಚನ್ನು ತೆಗೆದುಕೊಳ್ಳಲು ಕೈ ಬಿಡುಗಡೆಯಾಗಬೇಕು. ಕೈ ಬಿಡುಗಡೆಯಾಗಬೇಕಾದರೆ ಅಂಚೇ ಇರಬಾರದು. ಇದನ್ನು ಬರೆದವನು ಎಂಥ ಮನೆಯಲ್ಲಿ ಬೆಳೆದಿದ್ದನೋ. ಶಂಕ್ರಿ ಸೀರೆಯನ್ನು ಮಡಿಲಲ್ಲಿ ಮುದ್ದೆ ಮಾಡಿಕೊಂಡು ಕೂತಳು. ಅದಕ್ಕಿನ್ನೂ ಅವಳ ಅಮ್ಮನ ಮೈಯ ಸೀಗೆಪುಡಿಯ ವಾಸನೆ ಇತ್ತು.

ನಾನು ಸಾಬರನ್ನು ಕೇಳಿದೆ, ಮನುಷ್ಯರ ನೆನಪಿನಲ್ಲಿ ಅಂತ ಏನಾದರೂ ಬರೆದಿದೆಯಾ ಎಂದು. ಅವರು ಬೆರಳಿಟ್ಟು ಸಾಲು ಸಾಲು ನೋಡಿದರು. "ಯಂತ್ರದ ನೆನಪು ಅಂತ ಇದೆ. ಮನುಷ್ಯರದು ಇಲ್ಲ ತಿಪ್ಪಕ್ಕ," ಅಂದರು. "ಅದನ್ನ ಬರೆಯೋದು ಅವರಿಗೆ ನೆನಪಾಗಿಲ್ಲ."

ಹಾಗೆ ಶುರುವಾಯಿತು. ದಿನಕ್ಕೆ ಐದು ಕಾರ್ಡಿನ ಲೆಕ್ಕ. ಬೆಳಗಿನ ಬಿಸಿಲಿಗೆ ಸೀರೆ ಹರವಿ, ಭೂತಗನ್ನಡಿಯಲ್ಲಿ ಒಂದೊಂದು ಹೊಕ್ಕನ್ನು ನೂಲು ನೂಲು ಎಣಿಸಿ ಬಾಯಿಪಾಠ ಮಾಡುವುದು. ಮಧ್ಯಾಹ್ನ ಹಿಂದಿನವನ್ನು ಸೇರಿಸಿ ಒಪ್ಪಿಸುವುದು. ಕೇಳುವವರು ಯಾರು? ಶಂಕ್ರಿಗೆ ಕೇಳಿದರೆ ನಿದ್ದೆ. ಹಿತ್ತಲಿನ ಎಮ್ಮೆಗೆ ಒಪ್ಪಿಸುತ್ತಿದ್ದೆ. ಬರೆದಿಟ್ಟುಕೊಂಡರೆ ಅದೂ ಪ್ರತಿಯಾಗುತ್ತದೆ ಅಂತ ಒಂದು ಗೀಟೂ ಎಳೆಯಲಿಲ್ಲ. ಎರಡು ತಿಂಗಳು. ಅಷ್ಟು ದಿನ ಕೊಟ್ರೇಶ ಬೇರೆಯವರ ಮಗ್ಗದಲ್ಲಿ ಕೂಲಿಗೆ ನೇಯ್ದ. ಕೊನೆಯ ಹೊಕ್ಕು ಮುಗಿದ ದಿನ ನಾನು ಮೊದಲಿಂದ ಕೊನೆಯ ತನಕ ಮೂರು ಸಲ ಒಪ್ಪಿಸಿದೆ, ಒಂದೂ ತಪ್ಪಲಿಲ್ಲ. ಆಯ್ತು ಅಂದೆ. ಶಂಕ್ರಿ ಸೀರೆಯನ್ನು ಒಗೆದು, ಒಣಗಿಸಿ, ಮಡಿಸಿ, ಅರಿಸಿನ ಕುಂಕುಮ ಇಟ್ಟು ಹಿತ್ತಲಲ್ಲಿ ಬೆಂಕಿಗೆ ಇಟ್ಟಳು. ರೇಷ್ಮೆ ಉರಿಯುವುದಿಲ್ಲ, ಕೂದಲ ಹಾಗೆ ಸುಟ್ಟು ಮುರುಟುತ್ತದೆ. ಅವಳು ಅಳಲಿಲ್ಲ. ಬೂದಿ ತಣ್ಣಗಾಗುವ ಮೊದಲೇ ಬಂದು ಹಲಗೆಯ ಮುಂದೆ ಕೂತಳು. ನಾಲ್ಕು ಬಿಡು, ಎರಡು ಹೊಡಿ ಅಂದೆ. ಠಣ್ ಅಂದಿತು. ಅವಳ ಕಣ್ಣು ಅಗಲ ತೆರೆದುಕೊಂಡೇ ಇದ್ದವು.

ಆಗ ಜನಕ್ಕೆ ಅರ್ಥವಾಯಿತು, ಗೊರವಂಕ ಅಂಚು ಈಗ ಲೋಕದಲ್ಲಿ ಇರುವುದು ನನ್ನ ತಲೆಯಲ್ಲಿ ಮಾತ್ರ ಎಂದು. ಕಾರ್ಡು ಹೊಡೆಸಿದ ಆ ಇಪ್ಪತ್ತು ದಿನ ನಾನು ಪಟ್ಟ ಪಾಡು ಯಾರಿಗೂ ಬೇಡ. ಮೆಟ್ಟಿಲಿಳಿಯಬೇಡ, ತಣ್ಣೀರು ಮುಟ್ಟಬೇಡ, ಸೀನಬೇಡ. ಕೊಟ್ರೇಶ ನಾನು ಬಚ್ಚಲಿಗೆ ಹೋದರೆ ಬಾಗಿಲಲ್ಲಿ ನಿಂತು, 'ಅಜ್ಜಿ, ಇದ್ದೀಯಾ?' ಅಂತ ಕೂಗುತ್ತಿದ್ದ. ಇನ್ನೂ ಹೋಗಿಲ್ಲ ಕಣೋ ಅಂತ ಒಳಗಿಂದ ಬೈಯುತ್ತಿದ್ದೆ. ಮಾತಾಡಿಸಿದರೆ ಮರೆತೀತು ಅಂತ ನೆರೆಯವರು ನನ್ನ ಜೊತೆ ಮಾತೇ ಬಿಟ್ಟರು. ಇನ್ನೂರ ಹತ್ತು ಕಾರ್ಡು ಒಂದೂ ಎಡವದೆ ಹೇಳಿದೆ.

ಇನ್ನೂರ ಹನ್ನೊಂದಕ್ಕೆ ನಿಂತೆ. ಹಕ್ಕಿ ಎತ್ತಿಕೊಂಡ ಕಾಲಿನ ಜಾಗ. ನಾಲಗೆಯ ಮೇಲೆ ಏನೂ ಇರಲಿಲ್ಲ. ಹಿಂದೆ ಹೋಗಿ ಓಡಿಕೊಂಡು ಬಂದೆ, ಮತ್ತೆ ಅಲ್ಲಿಗೇ ನಿಂತಿತು. ಇನ್ನೂರ ಹದಿನಾಲ್ಕು ನೆನಪಿತ್ತು, ಮುಂದಿನವೆಲ್ಲ ಇದ್ದವು. ನಡುವಿನ ಮೂರು ಮಾತ್ರ ಯಾರೋ ಕಿತ್ತುಕೊಂಡು ಹೋದ ಹಾಗೆ ಹೋಗಿದ್ದವು. ಎಮ್ಮೆಯ ಮುಂದೆ ನಿಂತೆ, ಬಿಸಿಲಲ್ಲಿ ಕೂತೆ, ಎರಡು ದಿನ ಉಪವಾಸ ಮಾಡಿದೆ. ಬರಲಿಲ್ಲ. ಇಷ್ಟು ಕಷ್ಟಪಟ್ಟು, ರುದ್ರಮ್ಮನ ಸೀರೆ ಸುಡಿಸಿ, ನಾನು ಹೀಗೆ ಮಾಡಿದೆನಲ್ಲ ಅಂತ ನನಗೇ ನನ್ನ ಮೇಲೆ ಹೇಸಿಗೆಯಾಯಿತು. ಮೂರನೇ ದಿನ, ಆ ಮೂರು ಹೋದವು ಅಂತ ಶಂಕ್ರಿಗೆ ಹೇಳಿದೆ.

ಶಂಕ್ರಿ ಖಾಲಿ ರಟ್ಟನ್ನು ಎತ್ತಿ ಬೆಳಕಿಗೆ ಹಿಡಿದಳು. ಆಮೇಲೆ, "ಅಮ್ಮ ಅಲ್ಲಿ ಏನು ಮಾಡಿದ್ದಳು ಚಿಕ್ಕಮ್ಮ? ಅಂದಾಜಾದರೂ ಹೇಳು," ಅಂದಳು.

"ಅಂದಾಜು ಹೇಳಿದರೆ ಅದು ನನ್ನದಾಗುತ್ತೆ, ನಿಮ್ಮಮ್ಮಂದಲ್ಲ. ಕಾಲು ಮೇಲಿತ್ತು, ಅಷ್ಟೇ ಗೊತ್ತು."

"ನಾನು ಹೊಡೆದರೆ ತಪ್ಪಾದರೆ?"

ನನಗೆ ಸಿಟ್ಟು ಬಂತು. ಅವಳ ಮೇಲಲ್ಲ, ಒಂಬತ್ತು ವರ್ಷದ ಮೇಲೆ. "ತಪ್ಪಾದರೆ ಆ ಕಾರ್ಡು ಕಿತ್ತು ಇನ್ನೊಂದು ಹೊಡಿ. ಯಾರನ್ನ ಕೇಳಬೇಕು ಈಗ? ಹೊಡಿಯೇ ತಾಯಿ," ಅಂದೆ.

ಅವಳು ಎದ್ದು ಎದುರಿನ ಅಮ್ಮನ ಮನೆಯ ಹಿತ್ತಲಿಗೆ ಹೋದಳು. ಅಲ್ಲಿ ಗೊರವಂಕಗಳು ಬರುವ ಗೋಡೆಯ ಮುಂದೆ ಅವಳು ನಿಂತದ್ದು ಎರಡೂ ಮನೆಯ ತೆರೆದ ಬಾಗಿಲಿಂದ ಕಾಣುತ್ತಿತ್ತು. ಏನು ನೋಡಿದಳೋ, ಊಟದ ಹೊತ್ತಿಗೆ ಬಂದು ಕೂತು, ಬೆನ್ನು ನನ್ನ ಕಡೆ ಮಾಡಿಕೊಂಡು ಮೂರು ಕಾರ್ಡು ಹೊಡೆದಳು. ನಿಧಾನಕ್ಕೆ. ನಡುವೆ ಒಂದನ್ನು ಹರಿದು ಹಾಕಿ ಮತ್ತೆ ಹೊಡೆದಳು. ಮುಗಿದ ಮೇಲೆ ನನ್ನ ಕೈಗೆ ಕೊಟ್ಟಳು. ಬೆರಳು ಆಡಿಸಿ ನೋಡಿದೆ. ರುದ್ರಮ್ಮ ಹೀಗೆ ಮಾಡಿರಲಿಲ್ಲ, ಅದಂತೂ ಖಂಡಿತ. ತೂತುಗಳು ಮಾತ್ರ ಒಂದಕ್ಕೊಂದು ನೇರ ಇದ್ದವು.

ಹೇಗಿದೆ ಅಂತ ಅವಳು ಕೇಳಲಿಲ್ಲ. ನಾನು ಮೂರನ್ನೂ ಸರಕ್ಕೆ ಪೋಣಿಸಲು ಪಕ್ಕಕ್ಕಿಟ್ಟು, ಇನ್ನೂರ ಹದಿನಾಲ್ಕು, ಒಂದು ಬಿಡು, ಐದು ಹೊಡಿ ಅಂದೆ.